ಮನೆಗೆ ಬಂದ ಮಗಳು

ಧ್ಯಾನಕ್ಕೆ: ಪೌಲನು ಗಲಾತ್ಯದವರಿಗೆ ಬರೆದ ಪತ್ರಿಕೆ, 4ನೆಯ ಅಧ್ಯಾಯ, 1ರಿಂದ 7ನೆಯ ವಚನಗಳು.



ಈ ವಚನಗಳಲ್ಲಿ ಅಪೊಸ್ತಲನು ಒಂದು ಮನೆಯನ್ನು ನಮ್ಮ ಕಣ್ಣ ಮುಂದೆ ನಿಲ್ಲಿಸುತ್ತಾನೆ. ಆ ಮನೆಯಲ್ಲಿ ದಾಸನೂ ಇದ್ದಾನೆ, ಮಗನೂ ಇದ್ದಾನೆ. ಇಬ್ಬರೂ ಒಂದೇ ಸೂರಿನ ಕೆಳಗೆ ಮಲಗುತ್ತಾರೆ, ಒಂದೇ ಒಲೆಯ ಮೇಲೆ ಬೆಂದದ್ದನ್ನು ಉಣ್ಣುತ್ತಾರೆ, ಒಬ್ಬನೇ ಯಜಮಾನನ ಮಾತಿಗೆ ಏಳುತ್ತಾರೆ, ಕೂಡುತ್ತಾರೆ. ಬೀದಿಯಲ್ಲಿ ನಿಂತು ನೋಡುವವನಿಗೆ ಇವರಿಬ್ಬರಲ್ಲಿ ಭೇದವು ಕಾಣದು. ಆದರೂ ಭೇದವುಂಟು. ಒಬ್ಬನು ಆ ಮನೆಯಲ್ಲಿ ಇರುತ್ತಾನೆ. ಮತ್ತೊಬ್ಬನು ಆ ಮನೆಯವನಾಗಿದ್ದಾನೆ.

ಆ ಭೇದವು ಎಂಥದ್ದೆಂಬುದನ್ನು ನಾವು ದಂಪತಿಗಳು ಕಳೆದ ಒಂದು ವರುಷ ಕಾಲ ಮೈಸೂರು ನಗರದ ನಮ್ಮ ಚಿಕ್ಕ ಮನೆಯಲ್ಲಿ ದಿನದಿನವೂ ಕಂಡಿದ್ದೇವೆ. ಮಕ್ಕಳಿಲ್ಲದ ನಮಗೆ ದೇವರು ಒಬ್ಬ ಹೆಣ್ಣುಮಗಳನ್ನು ಅನುಗ್ರಹಿಸಿದನು. ಅವಳು ನಮ್ಮ ಹೊಟ್ಟೆಯಲ್ಲಿ ಹುಟ್ಟಿದವಳಲ್ಲ. ಎರಡು ವರುಷದ ಕೂಸಾಗಿ ಶಿಶುಪಾಲನಾ ಕೇಂದ್ರದಿಂದ ದತ್ತು ಬಂದವಳು. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವಳ ಕಥೆಯು ಅವಳದೇ, ದೊಡ್ಡವಳಾದ ಮೇಲೆ ಬೇಕಾದವರಿಗೆ ಬೇಕಾದಷ್ಟು ಅವಳೇ ಹೇಳಿಕೊಳ್ಳಲಿ. ಆದರೆ ಆ ಕೂಸಿನ ಮೂಲಕ ದೇವರ ವಾಕ್ಯವು ನಮಗೆ ತಿಳಿದುಬಂದ ಬಗೆಯನ್ನು ಹಳ್ಳಿಗಳಲ್ಲಿರುವ ನಿಮಗೂ ತಿಳಿಸುವುದು ಉಚಿತವೆಂದು ತೋರಿತು.

ಒಂದನೆಯದಾಗಿ, ಸ್ವೀಕಾರವು ಮೊದಲು, ಬೆಳವಣಿಗೆಯು ಆಮೇಲೆ ಎಂಬುದನ್ನು ನೋಡೋಣ.

ದತ್ತು ಎಂಬ ಮಾತು ನಮ್ಮ ನಾಡಿಗೆ ಹೊಸದಲ್ಲ. 1865ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು, ಔರಸ ಪುತ್ರನಿಲ್ಲದ ಕಾರಣ, ಎರಡು ವರುಷದ ಬಾಲಕನಾದ ಚಾಮರಾಜೇಂದ್ರರನ್ನು ದತ್ತು ಸ್ವೀಕರಿಸಿದರು. ಆಗ ರಾಜ್ಯಭಾರವು ಇಂಗ್ಲಿಷರ ಕೈಯಲ್ಲಿತ್ತು. ಅವರು ಈ ದತ್ತಕವನ್ನು ಒಡನೆ ಒಪ್ಪಲಿಲ್ಲ. 1867ರಲ್ಲಿ ಲಂಡನ್ನಿನಿಂದ ಒಪ್ಪಿಗೆ ಬಂದಿತು. 1881ರಲ್ಲಿ ರಾಜ್ಯವು ಆ ದತ್ತುಪುತ್ರನ ಕೈಗೆ ಮರಳಿತು. ನಮ್ಮ ಕಾಲದಲ್ಲಿಯೂ, 2015ರಲ್ಲಿ, ಅದೇ ಅರಸುಮನೆಯಲ್ಲಿ ಯದುವೀರರ ದತ್ತುಸ್ವೀಕಾರವು ನಡೆದದ್ದನ್ನು ನೀವೆಲ್ಲರೂ ಬಲ್ಲಿರಿ. ಅರಸರ ಮನೆಯಲ್ಲಿ ಸಿಂಹಾಸನಕ್ಕೆ ಬಾಧ್ಯನು ಬೇಕು, ಆದಕಾರಣ ಮಗನನ್ನು ತರುತ್ತಾರೆ. ಸಾಮಾನ್ಯರ ಮನೆಗಳಲ್ಲಿಯೂ ಬಹುಕಾಲ ವಂಶಕ್ಕೆಂದೂ ಉತ್ತರಕ್ರಿಯೆಗೆಂದೂ ಗಂಡುಮಗುವನ್ನೇ ದತ್ತು ತೆಗೆದುಕೊಳ್ಳುತ್ತಿದ್ದರು. ಹಿಂದೂ ಜನರಲ್ಲಿ ಹೆಣ್ಣುಮಗುವನ್ನೂ ದತ್ತು ಪಡೆಯಬಹುದೆಂದು ಶಾಸನವು ಸ್ಪಷ್ಟವಾಗಿ ಹೇಳಿದ್ದು 1956ರಲ್ಲಿ.

ಸಿಂಹಾಸನವಿಲ್ಲದ ನಮ್ಮ ಮನೆಗೆ ಈ ಕೂಸು ಬಂದಳು. ಅವಳ ಕೈಯಲ್ಲಿ ಒಂದು ಬಟ್ಟೆಯ ಗೊಂಬೆಯ ಹೊರತು ಬೇರೇನೂ ಇರಲಿಲ್ಲ. ವಯಸ್ಸಿಗೆ ತಕ್ಕ ತೂಕವಿರಲಿಲ್ಲ, ಬಾಯಲ್ಲಿ ಮಾತಿರಲಿಲ್ಲ. ಮೊದಲ ತಿಂಗಳು ಅವಳನ್ನು ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆಗೆ ಕರೆದುಕೊಂಡು ಹೋದೆವು. 1906ರಲ್ಲಿ ಹೆಂಗಸರ ಮತ್ತು ಮಕ್ಕಳ ಆರೈಕೆಗೆಂದು ತೆರೆಯಲ್ಪಟ್ಟ ಆಸ್ಪತ್ರೆಯು ಅದು. ತೂಗಿ ನೋಡಿ, ತಪ್ಪದೆ ಉಣಿಸಿರಿ, ಎತ್ತಿಕೊಂಡು ಮಾತನಾಡಿಸಿರಿ, ಅವಸರಪಡಬೇಡಿರಿ ಎಂದು ಹೇಳಿ ಕಳುಹಿಸಿದರು. ಆದರೆ ನೆರೆಹೊರೆಯವರಿಗೆ ಅವಸರವಿತ್ತು. ವಾರವಾರವೂ, ಮಾತು ಬಂತೇ, ಅಮ್ಮಾ ಅಂದಳೇ, ಹಾಡು ಕಲಿತಳೇ ಎಂದು ಕೇಳುವರು. ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಮಾತ್ರ ಕೂಸು ಮನೆಯಲ್ಲಿ ಉಳಿಯುವುದೋ ಎಂಬಂತಿತ್ತು ಆ ವಿಚಾರಣೆ.

ಮೂರನೆಯ ತಿಂಗಳಲ್ಲಿ ಅವಳ ಮೊದಲ ಮಾತು ಬಂದಿತು. ಅದು ಅಮ್ಮಾ ಎಂದಲ್ಲ, ಅಪ್ಪಾ ಎಂದೂ ಅಲ್ಲ. ಮೃಗಾಲಯದಲ್ಲಿ ಕಂಬಿಗಳ ಆಚೆ ಸೊಂಡಿಲೆತ್ತಿದ ಪ್ರಾಣಿಯನ್ನು ನೋಡಿ, ಆನೆ ಎಂದಳು. ಆ ಮೃಗಾಲಯವು 1892ರಲ್ಲಿ ಸ್ಥಾಪಿತವಾದದ್ದು. ಅದು ಇಂದಿಗೂ ಚಾಮರಾಜೇಂದ್ರರ ಹೆಸರನ್ನೇ ಹೊತ್ತಿದೆ. ಎರಡು ವರುಷದ ಕೂಸಾಗಿ ದತ್ತು ಬಂದ ಬಾಲಕನ ಹೆಸರಿನ ತೋಟದಲ್ಲಿ ಎರಡು ವರುಷದ ಕೂಸಾಗಿ ದತ್ತು ಬಂದ ನಮ್ಮ ಮಗಳು ಬಾಯಿ ತೆರೆದಳು. ನಾವು ಬಹಳ ಸಂತೋಷಪಟ್ಟೆವು. ಆದರೆ ಪ್ರಿಯರೇ, ಆ ದಿನ ಅವಳು ನಮಗೆ ಮಗಳಾದಳೋ? ಇಲ್ಲ. ಬಾಯಿ ಮುಚ್ಚಿಕೊಂಡಿದ್ದ ಮೂರು ತಿಂಗಳೂ ಅವಳು ಮಗಳೇ ಆಗಿದ್ದಳು.

ದೇವರು ನಮ್ಮನ್ನು ಸ್ವೀಕರಿಸಿದ್ದೂ ಹೀಗೆಯೇ. ಸಿಂಹಾಸನಕ್ಕೆ ಬಾಧ್ಯನಿಲ್ಲದ ಅರಸನ ಕೊರತೆ ಆತನಿಗಿಲ್ಲ. ಪ್ರಾರ್ಥನೆ ಕಲಿತ ಮೇಲೆ, ಕುಡಿತ ಬಿಟ್ಟ ಮೇಲೆ, ಓದುಬರಹ ಬಂದ ಮೇಲೆ ನೋಡೋಣವೆಂದು ಆತನು ಹೇಳಲಿಲ್ಲ. ಬರಿಗೈಯಲ್ಲಿದ್ದ ನಮ್ಮನ್ನು ಆತನು ಮೊದಲು ಎತ್ತಿಕೊಂಡನು. ಎತ್ತಿಕೊಂಡವನ ತೋಳಿನಲ್ಲಿ ನಾವು ಬೆಳೆಯುತ್ತಿದ್ದೇವೆ.

ಎರಡನೆಯದಾಗಿ, ಮಕ್ಕಳ ಗುರುತು ಯಾವುದೆಂದು ನೋಡೋಣ.

ಬಂದ ಹೊಸದರಲ್ಲಿ ಕೂಸು ಬಹಳ ಸಾಧುವಾಗಿದ್ದಳು. ಕೂರಿಸಿದಲ್ಲಿ ಕೂರುವಳು, ಮಲಗಿಸಿದರೆ ಕಣ್ಣು ಮುಚ್ಚುವಳು. ಮನೆಗೆ ಬಂದವರು, ಎಷ್ಟು ಒಳ್ಳೆಯ ಮಗು, ಅಳುವುದೇ ಇಲ್ಲವಲ್ಲ ಎಂದು ಹೊಗಳುವರು. ಒಂದು ದಿನ ಹಿತ್ತಲಿನ ಸಿಮೆಂಟಿನ ಮೆಟ್ಟಿಲ ಮೇಲೆ ಬಿದ್ದು ಮಂಡಿ ಒಡೆದು ರಕ್ತ ಬಂದಿತು. ಅವಳು ಅಳಲಿಲ್ಲ. ನಮ್ಮ ಕಡೆಗೆ ತಿರುಗಿಯೂ ನೋಡಲಿಲ್ಲ. ತಾನೇ ಎದ್ದು, ಮಂಡಿಯನ್ನು ಅಂಗೈಯಿಂದ ಒರಸಿಕೊಂಡು, ಗೋಡೆಗೆ ಆತು ನಿಂತಳು. ಅದನ್ನು ನೋಡಿ ನಮ್ಮ ಕರುಳು ಹಿಂಡಿದಂತಾಯಿತು. ಯಾಕಂದರೆ ಬಹಳ ಮಕ್ಕಳಿದ್ದು ಎತ್ತಿಕೊಳ್ಳುವ ಕೈಗಳು ಕೆಲವೇ ಇರುವ ಸ್ಥಳದಲ್ಲಿ ಕೂಸು ಬೇಗನೆ ಒಂದು ಪಾಠ ಕಲಿಯುತ್ತದೆ. ಅದೇನಂದರೆ, ಅತ್ತರೂ ತನ್ನ ಪಾಲಿಗೆ ಒಬ್ಬರು ಬರುವುದು ನಿಶ್ಚಯವಿಲ್ಲ ಎಂಬುದೇ. ನೋಡಿಕೊಂಡವರಲ್ಲಿ ದಯೆಯಿಲ್ಲವೆಂದು ನಾವು ಹೇಳುವುದಿಲ್ಲ. ಎರಡು ಕೈಗಳಿಂದ ಹತ್ತು ಮಕ್ಕಳನ್ನು ಎತ್ತಿಕೊಳ್ಳಲು ಯಾರಿಂದಾದೀತು?

ಅದೇ ಮೆಟ್ಟಿಲ ಮೇಲೆ ಐದನೆಯ ತಿಂಗಳಲ್ಲಿ ಅವಳು ಮತ್ತೊಮ್ಮೆ ಬಿದ್ದಳು. ಈ ಸಲ ಪೆಟ್ಟು ಅಷ್ಟಾಗಿ ಆಗಲಿಲ್ಲ. ಆದರೆ ಬೀದಿಯ ಕೊನೆಯವರೆಗೂ ಕೇಳುವಂತೆ ಕೂಗಿ, ಎರಡು ತೋಳುಗಳನ್ನೂ ಚಾಚಿಕೊಂಡು ಅಡಿಗೆಮನೆಗೆ ಓಡಿಬಂದಳು. ಪಕ್ಕದ ಮನೆಯವರು ಗಾಬರಿಯಾಗಿ ಬಂದರು. ಒಳಗೆ ಅವಳನ್ನು ಅಪ್ಪಿಕೊಂಡು ನಾವಿಬ್ಬರೂ ದೇವರಿಗೆ ಸ್ತೋತ್ರ ಮಾಡುತ್ತಿದ್ದುದು ಅವರಿಗೆ ಅರ್ಥವಾಗಲಿಲ್ಲ. ವರುಷದ ಎಲ್ಲಾ ದಿನಗಳಲ್ಲಿ ನಮಗೆ ದೊಡ್ಡ ದಿನವು ಅದೇ. ಆನೆ ಎಂದ ದಿನಕ್ಕಿಂತಲೂ, ಆಮೇಲೆ ಅಮ್ಮಾ ಎಂದ ದಿನಕ್ಕಿಂತಲೂ ಅದು ದೊಡ್ಡದು.

ಈಗ ಅಪೊಸ್ತಲನ ಮಾತನ್ನು ಮತ್ತೆ ನೋಡಿರಿ. ದೇವರು ನಮ್ಮನ್ನು ಮಕ್ಕಳನ್ನಾಗಿ ಸ್ವೀಕರಿಸಿದ್ದಕ್ಕೆ ಗುರುತಾಗಿ ಪೌಲನು ಏನನ್ನು ಹೇಳುತ್ತಾನೆ? ನಮ್ಮ ಜ್ಞಾನವನ್ನೋ? ನಮ್ಮ ಸಾಧುತನವನ್ನೋ? ಅಲ್ಲ, ಒಂದು ಕೂಗನ್ನು ಹೇಳುತ್ತಾನೆ. ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೆಯ ಅಧ್ಯಾಯದಲ್ಲಿಯೂ ಇದನ್ನೇ ಹೇಳಿದ್ದಾನೆ. ಅವನು ಉಪಯೋಗಿಸಿದ ಗ್ರೀಕ್ ಮಾತಿಗೆ ಗಟ್ಟಿಯಾಗಿ ಕೂಗುವುದೆಂದೇ ಅರ್ಥ. ಕೂಗುವ ಶಬ್ದವು ಅಬ್ಬಾ ಎಂಬುದು. ನಮ್ಮ ಕರ್ತನಾದ ಯೇಸು ಆಡುತ್ತಿದ್ದ ಅರಾಮಿ ಭಾಷೆಯಲ್ಲಿ ಮನೆಯ ಮಕ್ಕಳು ತಂದೆಯನ್ನು ಕರೆಯುವ ಮಾತು. ನಮ್ಮ ಕನ್ನಡದ ಅಪ್ಪಾ ಎಂಬುದಕ್ಕೆ ಅದು ಎಷ್ಟು ಹತ್ತಿರವಾಗಿದೆ! ದಾಸನು ಪೆಟ್ಟು ತಿಂದರೆ ಒರಸಿಕೊಂಡು ಸುಮ್ಮನಾಗುತ್ತಾನೆ. ಮಗುವು ಕೂಗುತ್ತದೆ, ಯಾಕಂದರೆ ಯಾರೋ ಓಡಿಬರುವರೆಂದು ಅದಕ್ಕೆ ಗೊತ್ತು.

ಸಭೆಯವರೇ, ನಮ್ಮಲ್ಲಿ ಅನೇಕರು ದೇವರ ಮುಂದೆ ಅಳದ ಮಕ್ಕಳಾಗಿದ್ದೇವೆ. ಮಳೆ ಹೋದ ವರುಷ, ಸಾಲ ಏರಿದ ವರುಷ, ಮಗನು ತೀರಿಹೋದ ವರುಷ ನಾವು ಮಂಡಿ ಒರಸಿಕೊಂಡು ಗೋಡೆಗೆ ಆತು ನಿಂತು, ದೇವರ ಚಿತ್ತ ಎಂದು ತುಟಿ ಬಿಗಿದಿದ್ದೇವೆ. ಅದೇ ಭಕ್ತಿಯೆಂದು ನೋಡುವವರು ಹೊಗಳಿದ್ದಾರೆ. ಪ್ರಿಯರೇ, ಕೂಗಿರಿ. ನಿಮ್ಮ ತಂದೆಗೆ ಅದು ಅವಮಾನವಲ್ಲ.

ಇನ್ನೂ ಒಂದು ಗುರುತನ್ನು ಹೇಳುವೆವು. ಮೊದಲ ತಿಂಗಳುಗಳಲ್ಲಿ ಅವಳ ದಿಂಬಿನ ಕೆಳಗೆ ರೊಟ್ಟಿಯ ಚೂರುಗಳು, ಅರ್ಧ ಬಾಳೆಹಣ್ಣು, ಒಣಗಿದ ಅನ್ನದ ಮುದ್ದೆ ಸಿಕ್ಕುತ್ತಿದ್ದವು. ಉಂಡು ಮುಗಿಸಿದ ಮೇಲೆ ನಾಳೆಗೆಂದು ಅಡಗಿಸಿಡುವಳು. ಅರಣ್ಯದಲ್ಲಿ ಇಸ್ರಾಯೇಲ್ಯರು ಮನ್ನವನ್ನು ಬೆಳಗಿನವರೆಗೆ ಬಚ್ಚಿಟ್ಟು ಅದರಲ್ಲಿ ಹುಳ ಬಿದ್ದ ಸಂಗತಿಯು ವಿಮೋಚನಕಾಂಡದ 16ನೆಯ ಅಧ್ಯಾಯದಲ್ಲಿದೆ. ಐಗುಪ್ತದ ದಾಸತ್ವದಿಂದ ಹೊರಗೆ ಬಂದವರಾದರೂ ಆ ದಾಸತ್ವದ ಹಸಿವು ಅವರೊಳಗಿಂದ ಇನ್ನೂ ಹೋಗಿರಲಿಲ್ಲ. ನಾವು ಅವಳನ್ನು ಗದರಿಸಲಿಲ್ಲ. ಅವಳ ಹಾಸಿಗೆಯ ಬಳಿ ಒಂದು ಡಬ್ಬಿಯನ್ನಿಟ್ಟು, ಬಿಸ್ಕತ್ತು ತುಂಬಿ, ಇದು ನಿನ್ನದೇ, ರಾತ್ರಿಯೂ ತೆಗೆದುಕೊಳ್ಳಬಹುದು ಎಂದು ತೋರಿಸಿದೆವು. ಕೆಲವು ವಾರ ರಾತ್ರಿಯಲ್ಲಿ ಎದ್ದು ಮುಚ್ಚಳ ತೆರೆದು ನೋಡುವಳು. ತಿನ್ನುವುದಕ್ಕಲ್ಲ, ಇದೆಯೋ ಇಲ್ಲವೋ ಎಂದು ನೋಡುವುದಕ್ಕೆ. ಏಳನೆಯ ತಿಂಗಳಲ್ಲಿ ಡಬ್ಬಿಯನ್ನು ಮರೆತುಬಿಟ್ಟಳು. ಅದರಲ್ಲಿ ಇರುವೆ ಮುತ್ತಿಕೊಂಡದ್ದನ್ನು ಕಂಡಾಗ ನಮಗೆ ಆದ ಸಮಾಧಾನವು ಹೇಳತೀರದು.

ಆ ಕಾಲದಲ್ಲಿಯೇ ಹಟವೂ ಬಂದಿತು. ಬೇಡ ಎಂದು ತಟ್ಟೆಯನ್ನು ನೂಕುವಳು. ನೆಲದ ಮೇಲೆ ಹೊರಳಾಡುವಳು. ದತ್ತು ಬಂದ ಮಗುವಿನ ಯೋಗಕ್ಷೇಮವನ್ನು ಎರಡು ವರುಷಗಳವರೆಗೆ ಆರು ತಿಂಗಳಿಗೊಮ್ಮೆ ವಿಚಾರಿಸಿ ವರದಿ ಬರೆಯಬೇಕೆಂಬ ನಿಯಮವುಂಟು. ಹಾಗೆ ವಿಚಾರಿಸಲು ಬಂದ ಅಮ್ಮನವರು, ಹಟ ಮಾಡುತ್ತಾಳೆಯೇ ಎಂದು ಕೇಳಿದರು. ಬಹಳ ಎಂದೆವು. ಒಳ್ಳೆಯದಾಯಿತು ಎಂದು ಬರೆದುಕೊಂಡರು. ಅತಿಥಿಯು ಕೊಟ್ಟದ್ದನ್ನು ಉಂಡು ಕೈ ಮುಗಿಯುತ್ತಾನೆ. ಮನೆಯ ಮಗುವೇ ತಟ್ಟೆಯನ್ನು ನೂಕುವುದು. ಹಟವನ್ನು ತಿದ್ದತಕ್ಕದ್ದೇ ಸರಿ. ಆದರೆ ತಿದ್ದುವುದೂ ಮನೆಯಲ್ಲಿಯೇ, ಮನೆಯಿಂದ ಹೊರಗೆ ಹಾಕುವೆನೆಂದು ಬೆದರಿಸಿ ಅಲ್ಲ.

ಮೂರನೆಯದಾಗಿ, ಮಕ್ಕಳಿಗೆ ಸಿಕ್ಕುವ ಬಾಧ್ಯತೆಯನ್ನು ನೋಡೋಣ.

ಮಗುವನ್ನು ಮನೆಗೆ ಕರೆತಂದ ಕೂಡಲೇ ಕಾಗದಪತ್ರಗಳು ಮುಗಿಯುವುದಿಲ್ಲ. ಮೊದಲು ಮಗುವು ಮನೆಯಲ್ಲಿರುತ್ತದೆ. ಆಮೇಲೆ ಆಜ್ಞಾಪತ್ರವು ಬರುತ್ತದೆ. ಹಿಂದೆ ಅದನ್ನು ನ್ಯಾಯಾಲಯವು ಕೊಡುತ್ತಿತ್ತು. 2022ರಿಂದ ಜಿಲ್ಲಾಧಿಕಾರಿಯವರು ಕೊಡುತ್ತಾರೆ. ಅದರ ಮೇಲೆ ಜನನ ಪ್ರಮಾಣಪತ್ರದಲ್ಲಿ ದತ್ತು ಪಡೆದವರ ಹೆಸರೇ ತಂದೆತಾಯಿಗಳ ಹೆಸರಾಗಿ ದಾಖಲಾಗುತ್ತದೆ. ಆ ಕಾಗದವನ್ನು ಕೈಯಲ್ಲಿ ಹಿಡಿದಾಗ ನಮಗೆ ನಮ್ಮ ಹಿರಿಯರ ನೆನಪಾಯಿತು. 1956ರ ದತ್ತಕ ಕಾಯಿದೆಯು ಕ್ರೈಸ್ತರಿಗೆ ಅನ್ವಯಿಸುತ್ತಿರಲಿಲ್ಲ. ನಮ್ಮವರು ಅನಾಥ ಮಗುವನ್ನು ಎಷ್ಟು ಪ್ರೀತಿಯಿಂದ ಸಾಕಿದರೂ, ಸಾಮಾನ್ಯವಾಗಿ 1890ರ ಕಾಯಿದೆಯಂತೆ ಪಾಲಕರೆಂದು ಕರೆಯಿಸಿಕೊಳ್ಳುವುದಷ್ಟೇ ಸಾಧ್ಯವಾಗಿತ್ತು. ಆ ಪಾಲಕತ್ವವು ಮಗುವು ಪ್ರಾಪ್ತವಯಸ್ಸಿಗೆ ಬಂದೊಡನೆ ಮುಗಿದುಹೋಗುವುದು. ಆಸ್ತಿಯಲ್ಲಿ ಮಗುವಿಗೆ ಹುಟ್ಟಿದ ಮಕ್ಕಳ ಹಕ್ಕು ಅದರಿಂದ ಬಾರದು. 2000ನೆಯ ಇಸವಿಯ ಬಾಲನ್ಯಾಯ ಕಾಯಿದೆಯೂ ಅದರ 2006ರ ತಿದ್ದುಪಡಿಯೂ ಈ ಬಾಗಿಲನ್ನು ತೆರೆದವು. ಯಾವ ಮತದವರಾದರೂ ಈ ಕಾಯಿದೆಯ ಮೂಲಕ ದತ್ತು ಪಡೆಯಬಹುದೆಂದು ಸುಪ್ರೀಂ ಕೋರ್ಟು 2014ರಲ್ಲಿ ತೀರ್ಪಿತ್ತಿತು. ಈಗ ನಡೆಯುತ್ತಿರುವ 2015ರ ಕಾಯಿದೆಯಂತೆ ದತ್ತು ಬಂದ ಮಗುವು ಎಲ್ಲಾ ವಿಷಯಗಳಲ್ಲಿಯೂ ಆ ತಂದೆತಾಯಿಗಳಿಗೆ ಹುಟ್ಟಿದ ಮಗುವಿನಂತೆಯೇ.

ಈ ಸಂಗತಿಗಳನ್ನು ತಿಳಿದು ಗಲಾತ್ಯ ಪತ್ರಿಕೆಯನ್ನು ಓದಿರಿ. ಅಲ್ಲಿಯೂ ಪಾಲಕರಿದ್ದಾರೆ, ಮನೆವಾರ್ತೆಯವರಿದ್ದಾರೆ. ತಂದೆಯು ನೇಮಿಸಿದ ಕಾಲವು ಬಂದಾಗ ಮಕ್ಕಳ ಪದವಿಯು ದೊರೆಯುತ್ತದೆ. ಪಾಲಕನು ಅನ್ನ ಕೊಡಬಲ್ಲನು. ತನ್ನ ಹೆಸರನ್ನೂ ತನ್ನ ಮನೆಯನ್ನೂ ತಂದೆಯೇ ಕೊಡತಕ್ಕವನು. ದೇವರು ನಮಗೆ ಪಾಲಕನು ಮಾತ್ರವೆಂದು ಎಣಿಸಿ, ಹೊಟ್ಟೆಗೆ ಬಟ್ಟೆಗೆ ಆತನನ್ನು ಬೇಡಿಕೊಂಡು ಸುಮ್ಮನಿರುವ ಭಕ್ತರು ಬಹಳ. ಆತನು ಹೆಸರು ಕೊಟ್ಟಿದ್ದಾನೆ. ಹಬ್ಬದ ತಿಂಗಳಲ್ಲಿ ನಮ್ಮ ಮಗಳಿಗೆ ದೀಕ್ಷಾಸ್ನಾನವಾಯಿತು. ಬೋಧಕರು ಅವಳ ಹೆಸರು ಹಿಡಿದು ಕರೆದು ಹಣೆಯ ಮೇಲೆ ನೀರು ಹಾಕಿದಾಗ, ಬೇಡ ಎಂದು ಗಟ್ಟಿಯಾಗಿ ಕೂಗಿದಳು. ಸಭೆಯವರು ನಕ್ಕರು. ನಮಗೆ ಮಾತ್ರ ಅದು ಇಂಪಾಗಿತ್ತು.

ನಾಲ್ಕನೆಯದಾಗಿ, ಯಾರ ರಕ್ತವೆಂಬ ಪ್ರಶ್ನೆಯನ್ನು ನೋಡೋಣ. ಇದು ನಮ್ಮ ಸಭೆಗಳೊಳಗೆ ಇನ್ನೂ ಸಾಯದಿರುವ ಪ್ರಶ್ನೆ.

ನಂಜನಗೂಡಿನ ಕಡೆಯ ಹಳ್ಳಿಯಲ್ಲಿರುವ ನಮ್ಮ ಚಿಕ್ಕಮ್ಮನವರು ಕೂಸನ್ನು ನೋಡಲು ಬಂದ ಮೊದಲ ದಿನ, “ಯಾರ ಹೊಟ್ಟೆಯ ಕೂಸೋ, ಯಾವ ಕುಲವೋ, ಒಂದೂ ವಿಚಾರಿಸದೆ ತಂದುಬಿಟ್ಟೆಯಲ್ಲಾ ಮಗ!” ಎಂದರು. “ವಿಚಾರಿಸಿದೆವು ಚಿಕ್ಕಮ್ಮ, ಯಾರಿಗಾದರೂ ಬೇಕಾದವಳೋ ಎಂದು ವಿಚಾರಿಸಿದೆವು” ಎಂದು ಹೇಳಿ ಕಾಫಿ ಕೊಟ್ಟೆವು. ಅವರು ಕೂಸನ್ನು ಎತ್ತಿಕೊಳ್ಳದೆ ಊರಿಗೆ ಹೊರಟುಹೋದರು.

ಪ್ರಿಯರೇ, ನಾವು ಯಾರ ಮಕ್ಕಳು? 1876ರಿಂದ 1878ರವರೆಗೆ ಈ ನಾಡಿನಲ್ಲಿ ಘೋರವಾದ ಕ್ಷಾಮವುಂಟಾಯಿತು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೆ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ದಾರಿಬದಿಯಲ್ಲಿ ತಂದೆತಾಯಿಗಳ ಶವದ ಪಕ್ಕದಲ್ಲಿ ಉಳಿದ ಮಕ್ಕಳಿದ್ದರು. ವೆಸ್ಲಿಯನ್ ಮಿಷನಿನವರು ಹಾಸನದಲ್ಲಿ ಹೆಣ್ಣುಮಕ್ಕಳಿಗೂ ತುಮಕೂರಿನಲ್ಲಿ ಗಂಡುಮಕ್ಕಳಿಗೂ ಅನಾಥಾಲಯಗಳನ್ನು ನಡೆಸಿದರು. ಅಲ್ಲಿ ಬೆಳೆದವರು ಮದುವೆಯಾಗಿ, ಉಪಾಧ್ಯಾಯರಾಗಿ, ರೈತರಾಗಿ ಸಭೆಗಳಲ್ಲಿ ಸೇರಿಕೊಂಡರು. ಅವರ ಕುಲವನ್ನು ಕೇಳುವುದಕ್ಕೆ ಉಳಿದವರಾದರೂ ಯಾರಿದ್ದರು? ನಮ್ಮ ಮುತ್ತಜ್ಜಿಯರಲ್ಲಿ ಎಷ್ಟು ಮಂದಿ ಹೆಸರಿಲ್ಲದೆ ಆ ಬಾಗಿಲಿಗೆ ಬಂದವರಾಗಿರಬಹುದು! ಹೀಗಿರಲಾಗಿ, ಅನಾಥರ ವಂಶದವರಾದ ನಾವು ಅನಾಥ ಕೂಸಿನ ವಂಶವನ್ನು ಕೇಳುವುದು ಯಾವ ನ್ಯಾಯ?

ಚಿಕ್ಕಮ್ಮನವರ ಮಾತನ್ನು ಪೂರ್ತಿಮಾಡಬೇಕು. ಅವರು ಹೋದ ಮರುತಿಂಗಳು ಬಸ್ಸಿನಲ್ಲಿ ಒಂದು ಚೀಲ ಬಂದಿತು. ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಬಟ್ಟೆಯಲ್ಲಿ ಸೋಸಿದ ರಾಗಿ ಸರಿಯ ಹಿಟ್ಟು. ಅಂದಿನಿಂದ ತಿಂಗಳು ತಪ್ಪಿಲ್ಲ. ಮೊಮ್ಮಗಳು ಎಂದು ಅವರು ಬಾಯಿಬಿಟ್ಟು ಇನ್ನೂ ಹೇಳಿಲ್ಲ. ಅವರ ಕೈ ಹೇಳಿದೆ.

ಅವಳನ್ನು ಹೆತ್ತ ತಾಯಿಯನ್ನು ಕುರಿತು ಹಗುರವಾಗಿ ಮಾತನಾಡುವವರೂ ಇದ್ದಾರೆ. ಮೋಶೆಯ ತಾಯಿಯು ಕೂಸನ್ನು ಬುಟ್ಟಿಯಲ್ಲಿಟ್ಟು ನೀರಿನ ಅಂಚಿನಲ್ಲಿ ಬಿಟ್ಟದ್ದು ಪ್ರೀತಿಯಿಲ್ಲದೆಯೋ? ಉಳಿಯಲೆಂದು ಬಿಟ್ಟಳು. ನಮ್ಮ ದೇಶದ ಕಾಯಿದೆಯು ಮಗುವನ್ನು ಒಪ್ಪಿಸುವ ತಾಯಿಗೆ ಮನಸ್ಸು ಬದಲಾಯಿಸಿಕೊಳ್ಳಲು 60 ದಿನಗಳನ್ನು ಕೊಟ್ಟಿದೆ. ಆ 60 ರಾತ್ರಿಗಳು ಹೇಗೆ ಕಳೆಯುವವೆಂದು ಅಂಥ ತಾಯಂದಿರೇ ಬಲ್ಲರು. ಮಗಳ ಹುಟ್ಟುಹಬ್ಬದ ದಿನ ನಾವು ಅವಳ ತಲೆಯ ಮೇಲೆ ಕೈಯಿಟ್ಟು, ಹೆಸರರಿಯದ ಆ ತಾಯಿಗಾಗಿ ಪ್ರಾರ್ಥಿಸಿದೆವು. ಮುಂದೆಯೂ ಪ್ರತಿವರುಷ ಪ್ರಾರ್ಥಿಸುವೆವು, ಮಗಳಿಗೆ ಕೇಳುವ ಹಾಗೆಯೇ. ಯಾಕಂದರೆ ದತ್ತು ಬಂದ ಸಂಗತಿಯನ್ನು ಮಗುವು ಪರರ ಬಾಯಿಂದ, ಜಗಳದ ನಡುವೆ ಕೇಳಬಾರದು. ಮನೆಯಲ್ಲಿ ಪ್ರಾರ್ಥನೆಯೊಂದಿಗೆ ಕೇಳಬೇಕು. ಮೊರ್ದೆಕೈ ಸಾಕಿದ ಎಸ್ತೇರಳಿಗೆ ತನ್ನ ತಂದೆತಾಯಿಗಳು ತೀರಿಹೋದದ್ದು ಗುಟ್ಟಾಗಿರಲಿಲ್ಲ. ಆದರೂ ಅವಳು ಅವನಿಗೆ ಮಗಳೇ.

ಕಡೆಯದಾಗಿ, ಹಳ್ಳಿಗಳ ಸಭೆಯವರಿಗೆ ಕೆಲವು ಬುದ್ಧಿಮಾತುಗಳು. ಆಸ್ಪತ್ರೆಯ ಆಯಾಳಿಂದಲೋ ಸೂಲಗಿತ್ತಿಯಿಂದಲೋ ದಲ್ಲಾಳಿಯಿಂದಲೋ ಕೂಸನ್ನು ಗುಟ್ಟಾಗಿ ತರಬೇಡಿರಿ. ಕಾಯಿದೆಯನ್ನು ಬಿಟ್ಟು ಅನಾಥ ಮಗುವನ್ನು ಕೊಡುವವರಿಗೂ ತೆಗೆದುಕೊಳ್ಳುವವರಿಗೂ ಮೂರು ವರುಷಗಳ ತನಕ ಸೆರೆಮನೆಯಾಗಲಿ, ಒಂದು ಲಕ್ಷ ರೂಪಾಯಿ ದಂಡವಾಗಲಿ, ಎರಡೂ ಆಗಲಿ ವಿಧಿಸಲ್ಪಡಬಹುದು. ಮಾರಿ ಕೊಳ್ಳುವವರಿಗೆ ಶಿಕ್ಷೆಯು ಇನ್ನೂ ಹೆಚ್ಚು. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಹಾಗೆ ತಂದ ಮಗುವಿಗೆ ಮಗುವೆಂಬ ಹಕ್ಕು ಸಿಕ್ಕದು. ದಿಕ್ಕಿಲ್ಲದ ಕೂಸನ್ನು ಕಂಡರೆ 1098 ಎಂಬ ಸಂಖ್ಯೆಗೆ ಫೋನು ಮಾಡಿರಿ. ಅಥವಾ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಿರಿ. ದತ್ತು ಪಡೆಯಬೇಕೆಂದಿರುವವರು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿದರೆ ಹೆಸರು ನೋಂದಾಯಿಸುವ ಕ್ರಮವನ್ನು ತಿಳಿಸುವರು. ಕಾಯಬೇಕಾಗುವುದು, ಕಾಯಿರಿ. ಅಂಥ ಮಗುವು ನಿಮ್ಮ ಸಭೆಗೆ ಬಂದರೆ, ಅದರ ಕಿವಿಗೆ ಬೀಳುವಂತೆ ಸಾಕಿದ ಮಗು ಎಂದು ತೋರಿಸಿ ಹೇಳಬೇಡಿರಿ. ತಂದೆತಾಯಿಗಳಿಗೆ, ಎಷ್ಟು ಪುಣ್ಯದ ಕೆಲಸ ಮಾಡಿದಿರಿ ಎಂದು ಹೊಗಳಲೂ ಬೇಡಿರಿ. ಯಾವ ಮಗುವೂ ಯಾರ ಪುಣ್ಯದ ಲೆಕ್ಕವೂ ಅಲ್ಲ. ಸಾಕಿದ್ದಕ್ಕೆ ಕೃತಜ್ಞಳಾಗಿರು ಎಂದು ಮಗುವಿನಿಂದ ಕಪ್ಪಕಾಣಿಕೆ ಕೇಳಬೇಡಿರಿ. ಅದು ಮಗಳನ್ನು ಮತ್ತೆ ದಾಸಿಯನ್ನಾಗಿ ಮಾಡುವ ಮಾತು.

ಪರಲೋಕದಲ್ಲಿರುವ ತಂದೆಯೇ, ಬರಿಗೈಯಲ್ಲಿ ಬಂದ ನಮಗೆ ನಿನ್ನ ಹೆಸರನ್ನು ಕೊಟ್ಟಿದ್ದೀ. ನಮ್ಮ ದಿಂಬಿನ ಕೆಳಗಿರುವ ಭಯವನ್ನು ತೆಗೆದುಹಾಕು. ಬಿದ್ದಾಗ ನಿನ್ನ ಕಡೆಗೆ ಕೂಗುವ ಧೈರ್ಯವನ್ನು ದಯಪಾಲಿಸು. ಈ ರಾತ್ರಿಯಲ್ಲಿ ಎಲ್ಲಿಯೋ ಸದ್ದಿಲ್ಲದೆ ಮಲಗಿರುವ ಕೂಸುಗಳ ಬಳಿಗೆ ಓಡಿಹೋಗುವ ಕಾಲುಗಳನ್ನು ನಿನ್ನ ಸಭೆಗೆ ಕೊಡು. ನಮ್ಮ ಕರ್ತನಾದ ಯೇಸು ಕ್ರಿಸ್ತನ ಮೂಲಕ ಬೇಡಿಕೊಳ್ಳುತ್ತೇವೆ. ಆಮೆನ್.